ಕಿಟಕಿಯ ಪಾಠ, ಬಾಗಿಲಿನ ಪಾಠ

ಶಾಲಾ ಇನ್‌ಸ್ಪೆಕ್ಟರು ಸುನ್ನಿಯೋ ಶಿಯಾವೋ ಎಂಬುದು ಶನಿವಾರ ಬೆಳಿಗ್ಗೆ ಏಳು ಗಂಟೆಯಾದರೂ ಜಟ್ಟಿಂಗಪ್ಪನಿಗೆ ತಿಳಿದಿರಲಿಲ್ಲ. ಕನ್ನಡಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಗಡ್ಡ ಹೆರೆದುಕೊಳ್ಳುತ್ತ ಅದನ್ನೇ ಯೋಚಿಸುತ್ತಿದ್ದ. ಎಂಟೂಕಾಲಿಗೆ ತೀರ್ಥಹಳ್ಳಿಯ ಬಸ್ಸಿನಲ್ಲಿ ಇನ್‌ಸ್ಪೆಕ್ಟರು ಬಂದಿಳಿಯುತ್ತಾರೆ. ಒಂಬತ್ತಕ್ಕೆ ಒಂಬತ್ತನೆಯ ಕ್ಲಾಸಿನಲ್ಲಿ ಅವನ ಚರಿತ್ರೆಯ ಪಾಠ. ಚೆನ್ನಾಗಿದೆ ಎಂದು ಅವರು ಬರೆದರೆ ಕೆಲಸ ಖಾಯಂ. ಇಲ್ಲವಾದರೆ ಎರಡು ವರ್ಷದಿಂದ ನಡೆದಂತೆಯೇ ಮಾರ್ಚ್ ಕೊನೆಗೆ ತೆಗೆದುಹಾಕಿ, ಮನಸ್ಸು ಬಂದರೆ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆ. ಸಾಗರದ ಕೆರಿಯಪ್ಪ ತನ್ನ ಮಗಳು ಮೀನಾಕ್ಷಿಯನ್ನು ಕೊಡುವ ಮಾತನ್ನು ಈ ಖಾಯಮ್ಮಿಗೆ ಕಟ್ಟಿಹಾಕಿ ಕೂತಿದ್ದ. "ಹುಡ್ಗ ಒಳ್ಳೆಯವ್ನೆ. ಆದ್ರೆ ವರ್ಸಕ್ಕೆ ಎರಡ್ ತಿಂಗ್ಳು ಅವ್ನು ಮೇಷ್ಟ್ರೇ ಅಲ್ಲ. ಆ ಎರಡ್ ತಿಂಗ್ಳು ನನ್ ಮಗ್ಳು ಯಾರ್ ಹೆಂಡ್ತಿ?" ಎಂದು ದೀಪಾವಳಿಯ ದಿನ ನಾಲ್ಕು ಜನರ ಎದುರು ಕೇಳಿದ್ದ. ಜಟ್ಟಿಂಗಪ್ಪ ನಕ್ಕಿದ್ದ. ಕೆರಿಯಪ್ಪ ನಕ್ಕಿರಲಿಲ್ಲ. ಒಳಬಾಗಿಲ ಹಿಂದೆ ಯಾರೋ ನಕ್ಕಂತೆ ಕೇಳಿಸಿತ್ತು. ಅದು ಮೀನಾಕ್ಷಿಯೋ ಅವಳ ಅಜ್ಜಿಯೋ ಎಂದು ಅವನು ಮೂರು ತಿಂಗಳಿಂದ ಯೋಚಿಸುತ್ತಿದ್ದ. ಈಗಲೂ ಯೋಚಿಸಿದ. ಸೋಪು ಒಣಗಿತು. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದನ್ನು ಮರೆತು ಮುಖ ತೊಳೆದುಬಿಟ್ಟ.

ಎಲ್ಲಕ್ಕೂ ಕಾರಣ ಒಂದು ಪದ. ಇನ್‌ಸ್ಪೆಕ್ಟರು ಬರುವ ಸುತ್ತೋಲೆಯಲ್ಲಿ ಎಸ್. ಎಚ್. ಹುಸೇನ್ ಎಂಬ ಹೆಸರು ನೋಡಿದ ಕೂಡಲೇ ಹೆಡ್‌ಮಾಸ್ಟರು ಹೇರಂಬ ಹೆಗಡೆಯವರು, "ಇಸ್ಲಾಮಿನ ಉದಯ ಮಾಡಿ ಜಟ್ಟಿಂಗಪ್ಪ. ಅವರಿಗೂ ಸಂತೋಷ ಆಗ್ತದೆ" ಎಂದಿದ್ದರು. ಪಠ್ಯದಲ್ಲಿ ಅದು ಒಂದೂವರೆ ಪುಟ. ಪೈಗಂಬರರ ಮರಣಾನಂತರ ಅಬೂಬಕರರನ್ನು ಸರ್ವಾನುಮತದಿಂದ ಖಲೀಫರನ್ನಾಗಿ ಆರಿಸಲಾಯಿತು ಎಂಬ ವಾಕ್ಯಕ್ಕೆ ಬಂದಾಗ ಜಟ್ಟಿಂಗಪ್ಪನ ಪೆನ್ಸಿಲು ತಾನಾಗಿ ನಿಂತಿತು. ಶಿವಮೊಗ್ಗೆಯ ಹಾಸ್ಟೆಲಿನ ಲೈಬ್ರರಿಯಲ್ಲಿ ಅರಬ್ಬರ ಚರಿತ್ರೆಯ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ರಟ್ಟು ಹೋಗಿತ್ತು, ಕೊನೆಯ ಎಂಬತ್ತು ಪುಟವನ್ನು ಗೆದ್ದಲು ತಿಂದಿತ್ತು. ಹೀಗಾಗಿ ಕರ್ಬಲಾ ಯುದ್ಧದ ನಂತರ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ, ಆದರೆ ಅದರ ಹಿಂದಿನದು ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಪಲಕ್ಕೆ ಹೆಗಡೆಯವರ ಮುಂದೆ ಹೋಗಿ ನಿಂತ.

"ಸರ್ವಾನುಮತ ಅನ್ನೋದು ಸರಿಯಲ್ಲ ಸಾರ್. ಪೈಗಂಬರರ ಅಳಿಯ ಅಲಿಯವರ ಕಡೆಯವರು ಒಪ್ಪಿರಲಿಲ್ಲ. ಶಿಯಾಗಳು ಇವತ್ತಿಗೂ ಒಪ್ಪಲ್ಲ. ಸುನ್ನಿಗಳು ಒಪ್ತಾರೆ."

ಹೆಗಡೆಯವರು ಸುತ್ತೋಲೆಯನ್ನು ಮತ್ತೆ ತೆಗೆದು ನೋಡಿದರು. "ಇವರು ಯಾವುದು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲದೆ ಪಾಠ ಹ್ಯಾಗೆ ಮಾಡ್ತೀರಿ? ಗೊತ್ತು ಮಾಡಿಕೊಳ್ಳಿ. ಎರಡು ಪಂಗಡ ಅಂದ್ಮೇಲೆ ಹಣೆ ಮೇಲೆ ಏನಾದ್ರೂ ಗುರುತು ಇರಲೇಬೇಕು. ಅಡ್ಡವೋ ಉದ್ದವೋ ನೋಡಿ."

ಬಾಯಿ ಮುಚ್ಚಿಕೊಂಡಿದ್ದರೆ ಪಠ್ಯದ ವಾಕ್ಯವನ್ನೇ ಓದಿ ಮುಗಿಸಬಹುದಿತ್ತು. ಓದಿದವನೆಂಬ ಜಂಬ ತನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ ಎಂದು ಜಟ್ಟಿಂಗಪ್ಪ ಅಂದುಕೊಂಡ. ಹಾಗೆ ಅಂದುಕೊಳ್ಳುವುದರಲ್ಲೂ ಒಂದು ಜಂಬವಿದೆ ಅನಿಸಿ ಅಸಹ್ಯವಾಯಿತು. ಆದರೂ ಬುಧವಾರ ಸಂಜೆ ಬಸ್‌ಸ್ಟ್ಯಾಂಡಿನ ದರ್ಜಿ ದಸ್ತಗೀರ್ ಸಾಬರ ಅಂಗಡಿಗೆ ಹೋದ. ದಸ್ತಗೀರ್ ಸಾಬರು ಊರಿನ ಸುನ್ನಿ. ಅಂಗಡಿಯ ಬೆಂಚಿನ ಮೇಲೆ ಪ್ರತಿ ಸಂಜೆಯೂ ಸರ್ವೆಯರ್ ಮಿರ್ಜಾ ಇರುತ್ತಿದ್ದರು. ಶರಾವತಿ ನೀರಿನಲ್ಲಿ ಮುಳುಗಲಿರುವ ಜಮೀನುಗಳನ್ನು ಅಳೆಯಲು ಬಂದವರು, ಗೌರಿಬಿದನೂರಿನ ಕಡೆಯ ಅಲಿಪುರದ ಶಿಯಾ. ಒಂದು ವರ್ಷದಿಂದ ಇಬ್ಬರೂ ಒಂದು ಚಹಾವನ್ನು ಎರಡು ಲೋಟಕ್ಕೆ ಹೊಯ್ದುಕೊಂಡು ಕುಡಿಯುತ್ತಿದ್ದರು. ಆ ವರ್ಷದಲ್ಲಿ ಮಿರ್ಜಾರ ಹೆಂಡತಿಯ ಹಲ್ಲುನೋವು, ದಸ್ತಗೀರರ ಹೊಲಿಗೆ ಯಂತ್ರದ ಪಟ್ಟಿ, ಚೀನಾ ಯುದ್ಧ ಎಲ್ಲ ಚರ್ಚೆಯಾಗಿತ್ತು. ಇದೊಂದು ಆಗಿರಲಿಲ್ಲ. ಜಟ್ಟಿಂಗಪ್ಪ ಹೋದಾಗ ದಸ್ತಗೀರ್ ಸಾಬರು ಪ್ಯಾಂಟಿಗೆಂದು ಮಿರ್ಜಾರ ಸೊಂಟಕ್ಕೆ ಟೇಪು ಸುತ್ತುತ್ತಿದ್ದರು.

"ಒಂದು ವಿಷಯ ಕೇಳ್ಬೇಕಿತ್ತು," ಎಂದ ಜಟ್ಟಿಂಗಪ್ಪ. "ಅಬೂಬಕರ್ ಅವರನ್ನ ಎಲ್ಲರೂ ಒಪ್ಪಿ ಆರಿಸಿದ್ರಾ?"

"ಹೌದು ಮತ್ತೆ," ಎಂದರು ದಸ್ತಗೀರ್ ಸಾಬರು, ಟೇಪು ಬಿಗಿಯುತ್ತ. "ಹಿರಿಯರು. ಪೈಗಂಬರರ ಜೊತೆ ಗುಹೆಯಲ್ಲಿ ಅಡಗಿ ಕಷ್ಟಪಟ್ಟೋರು. ಅವರನ್ನ ಬಿಟ್ಟು ಯಾರನ್ನ ಆರಿಸ್ತಾರೆ?"

"ಎಲ್ಲರೂ ಅಂದ್ರೆ ಯಾರು ದಸ್ತಗೀರ್ ಭಾಯ್?" ಎಂದರು ಮಿರ್ಜಾ, ತಲೆಯ ಮೇಲೆ ಎತ್ತಿದ ಕೈಗಳನ್ನು ಇಳಿಸದೆ. "ಅಲಿಯವರು ಮನೆಯೊಳಗೆ ಪೈಗಂಬರರ ಶರೀರಕ್ಕೆ ಸ್ನಾನ ಮಾಡಿಸ್ತಾ ಇದ್ರು. ಅಷ್ಟರಲ್ಲಿ ಇವರು ಚಾವಡೀಲಿ ಕೂತು ತೀರ್ಮಾನ ಮಾಡಿ ಎದ್ರು."

"ಮಾಡದೆ ಏನ್ಮಾಡ್ಬೇಕಿತ್ತು? ಆ ಚಾವಡೀಲಿ ಮದೀನದೋರು ತಮ್ಮೋರನ್ನ ನಿಲ್ಸಕ್ಕೆ ಹೊರಟಿದ್ರು. ಒಂದು ಗಂಟೆ ತಡ ಆಗಿದ್ರೆ ಊರು ಎರಡಾಗ್ತಿತ್ತು. ಉಸ್ರು ಎಳ್ಕಳಿ."

"ಎಳ್ಕೊಂಡಿದೀನಿ. ಆದ್ರೂ ಎರಡಾಯ್ತಲ್ಲ. ಖುಮ್ ಕೊಳದ ಹತ್ರ ಪೈಗಂಬರರೇ ಅಲಿಯವರ ಕೈ ಹಿಡಿದು ಎತ್ತಿ ಹೇಳಿದ್ದು ಏನಾಯ್ತು?"

"ಎತ್ತಿದ್ದು ಪ್ರೀತಿಗೆ. ಪಟ್ಟಕ್ಕಲ್ಲ."

"ಸಾವಿರಾರು ಜನರನ್ನ ಉರಿಬಿಸಿಲಲ್ಲಿ ನಿಲ್ಲಿಸ್ಕೊಂಡು ಬರೀ ಪ್ರೀತಿ ಹೇಳೋಕಾ?"

"ಆಮೇಲೆ ಅಲಿಯವರೂ ಒಪ್ಪಿ ಕೈ ಮೇಲೆ ಕೈ ಇಟ್ರಲ್ಲ ಸಾಹೇಬ್ರೆ."

"ಒಪ್ಪಲಿಲ್ಲ. ಸುಮ್ಮನಾದ್ರು. ಒಪ್ಪೋದು ಬೇರೆ, ಸುಮ್ಮನಾಗೋದು ಬೇರೆ."

ದಸ್ತಗೀರ್ ಸಾಬರು ಟೇಪು ಬಿಚ್ಚಿಕೊಂಡು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದರು. ಮೂವತ್ತಾರು ಎಂದು ಓದಿದವರು ಮೂವತ್ತೆರಡು ಎಂದು ಬರೆದದ್ದನ್ನು ಜಟ್ಟಿಂಗಪ್ಪ ನೋಡಿದ. ಹೇಳಬೇಕೆಂದುಕೊಂಡ. ಆದರೆ ಈ ಹೊತ್ತಿನಲ್ಲಿ ಸುನ್ನಿಯ ಲೆಕ್ಕದಲ್ಲಿ ತಪ್ಪು ಹುಡುಕಿದರೆ ತಾನು ಒಂದು ಕಡೆಯವನಾದಂತೆ ಕಂಡೀತೆಂದು ಹೇಳಲಿಲ್ಲ. ಬದಲಿಗೆ, "ನಮ್ಮ ಇನ್‌ಸ್ಪೆಕ್ಟರು ಹುಸೇನ್ ಅಂತ. ಅವರು ಯಾವ ಕಡೆ ಗೊತ್ತಾ?" ಎಂದು ಕೇಳಿದ.

ಇಬ್ಬರೂ ಒಮ್ಮೆಲೇ, "ನಮ್ಮವರಲ್ಲ" ಎಂದರು.

"ನಮ್ ತಂಗಿ ಮಗನ್ನ ಡಿಕ್ಟೇಶನ್ನಲ್ಲಿ ಫೇಲ್ ಮಾಡ್ದೋರು ಅವ್ರೇ," ಎಂದರು ದಸ್ತಗೀರ್ ಸಾಬರು. "ಶಿವಮೊಗ್ಗದಲ್ಲಿ ಒಂದು ಮದುವೆ ಊಟ ಮಾಡಿ, ಉಪ್ಪು ಕಮ್ಮಿ ಅಂತ ಚೀಟೀಲಿ ಬರೆದು ಅಡಿಗೆಯೋನ ಕೈಗೆ ಕೊಟ್ರಂತೆ. ಅಂಥಾ ಮನುಷ್ಯ ನಮ್ಮಲ್ಲಿ ಹುಟ್ಟಲ್ಲ. ಮಿರ್ಜಾ ಸಾಹೇಬ್ರ ಪೈಕಿ ಇರ್ಬೇಕು."

"ನಮ್ಮ ಪೈಕಿ ಆಗಿದ್ರೆ ಅಲಿಪುರದಲ್ಲಿ ಗೊತ್ತಿರ್ತಿತ್ತು," ಎಂದರು ಮಿರ್ಜಾ. "ಹೆಸರಿನಿಂದ ಏನೂ ತಿಳಿಯಲ್ಲ ಮೇಷ್ಟ್ರೇ, ಹುಸೇನ್ ಅಂತ ಇಬ್ಬರೂ ಇಡ್ತೀವಿ. ಪ್ರಾರ್ಥನೆಗೆ ನಿಂತಾಗ ಕೈ ನೋಡಿ. ಸುನ್ನಿಗಳು ಕೈ ಕಟ್ತಾರೆ. ನಾವು ಇಳಿಬಿಡ್ತೀವಿ."

ಗುರುವಾರ ಸಂಜೆ ಬೆಂಚಿನ ಮೇಲೆ ಮಿರ್ಜಾ ಇರಲಿಲ್ಲ. ಶುಕ್ರವಾರವೂ ಇರಲಿಲ್ಲ. ದಸ್ತಗೀರ್ ಸಾಬರು ಒಂದು ಚಹಾವನ್ನು ಒಂದೇ ಲೋಟದಲ್ಲಿ ಕುಡಿಯುವುದನ್ನು ಜಟ್ಟಿಂಗಪ್ಪ ರಸ್ತೆಯಾಚೆಯಿಂದ ನೋಡಿ, ಛತ್ರಿಯನ್ನು ಆ ಬದಿಗೆ ಅಡ್ಡ ಹಿಡಿದು ನಡೆದ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಎರಡು ಪಾಠ ಸಿದ್ಧ ಮಾಡುವ ಉಪಾಯ ಹೊಳೆದದ್ದು ಗುರುವಾರ. ಇನ್‌ಸ್ಪೆಕ್ಷನ್ನಿನ ಮುಂಚೆ ಮಕ್ಕಳಿಗೆ ಪಾಠ ಬಾಯಿಪಾಠ ಮಾಡಿಸುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ, ಆದರೆ ಎಲ್ಲರೂ ಎತ್ತಿ ಎಂದು ಹೇಳಿಕೊಟ್ಟು ಹೆಗಡೆಯವರು ಇಪ್ಪತ್ತು ವರ್ಷ ಒಳ್ಳೆಯ ಹೆಸರು ತೆಗೆದುಕೊಂಡಿದ್ದರು. ಜಟ್ಟಿಂಗಪ್ಪ ಒಂದು ಹೆಜ್ಜೆ ಮುಂದೆ ಹೋದ. ಮೊದಲು, ಕೋಲು ಬಲಗೈಯಲ್ಲಿದ್ದರೆ ಒಂದು ಉತ್ತರ, ಎಡಗೈಯಲ್ಲಿದ್ದರೆ ಇನ್ನೊಂದು ಎಂದುಕೊಂಡ. ಆದರೆ ಯಾರನ್ನು ಎಡಗೈಗೆ ಹಾಕುವುದು? ಯಾರನ್ನು ಹಾಕಿದರೂ ಅವಮಾನ. ಕೋಲು ಮೇಲೆ, ಕೋಲು ಕೆಳಗೆ ಎಂದರೂ ಅದೇ ತೊಡಕು. ಕೊನೆಗೆ ಕೇಳುವವರು ಕಿಟಕಿಯ ಹತ್ತಿರ ನಿಂತಿದ್ದರೆ ಸುನ್ನಿ ಉತ್ತರ, ಬಾಗಿಲ ಹತ್ತಿರ ನಿಂತಿದ್ದರೆ ಶಿಯಾ ಉತ್ತರ ಎಂದು ನಿಶ್ಚಯಿಸಿದ. ಯಾವುದೆಂದು ಶನಿವಾರ ಬೆಳಿಗ್ಗೆಯೊಳಗೆ ತಿಳಿಯುತ್ತದೆ; ತಿಳಿದ ಮೇಲೆ ಅಲ್ಲಿಂದ ಕದಲದೆ ನಿಂತರಾಯಿತು. ನಲವತ್ತೊಂದು ಮಕ್ಕಳು. ಅವನು ಕಿಟಕಿಗೆ ಹೋಗಿ, "ಮೊದಲ ಖಲೀಫರು ಹೇಗೆ ಆಯ್ಕೆಯಾದರು?" ಎಂದರೆ, "ಅಬೂಬಕರರು ಸರ್ವಾನುಮತದಿಂದ ಆಯ್ಕೆಯಾದರು ಸಾರ್." ಬಾಗಿಲಿಗೆ ಹೋಗಿ ಕೇಳಿದರೆ, "ಆ ಪದವಿ ಅಲಿಯವರಿಗೆ ಸಲ್ಲಬೇಕಿತ್ತು ಸಾರ್." ಮಕ್ಕಳಿಗೆ ಇದು ಪಾಠಕ್ಕಿಂತ ಚೆನ್ನಾಗಿ ಬಂತು. ಶುಕ್ರವಾರ ಮಧ್ಯಾಹ್ನ ಕಬಡ್ಡಿಯಾಡುವಾಗಲೂ ಒಂದು ಕಡೆಯವರು ಕಿಟಕಿ, ಇನ್ನೊಂದು ಕಡೆಯವರು ಬಾಗಿಲು ಎಂದು ಹೆಸರಿಟ್ಟುಕೊಂಡರು.

ಬಾಗಿಲ ಹತ್ತಿರ ನಿಂತಾಗ ತನ್ನ ದನಿ ಸ್ವಲ್ಪ ಏರುತ್ತದೆಂದು ಶುಕ್ರವಾರವೇ ಅವನಿಗೆ ಗೊತ್ತಾಗಿತ್ತು. ಅಲಿಯವರಿಗೆ ಸಲ್ಲಬೇಕಿತ್ತು ಎಂಬುದನ್ನು ಐದು ಸಲ ಹೇಳಿಸಿದ್ದ, ಇನ್ನೊಂದನ್ನು ಮೂರೇ ಸಲ. ಅದರ ಕಾರಣವನ್ನು ಯಾರಾದರೂ ಕೇಳಿದರೆ ನಾಚಿಕೆಯಿಂದ ಸಾಯುತ್ತಿದ್ದ. ಅವನು ಓದುತ್ತಿದ್ದಾಗ ಹಾಸ್ಟೆಲಿನ ಅಡಿಗೆಯವನು ಭೂತಪ್ಪ ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತಲ್ಲೇ ಸತ್ತುಹೋದ. ಅವನ ಕಡೆಯವರು ಹೊಸನಗರದ ಆಚೆಯ ಯಾವುದೋ ಕಾಡುಹಳ್ಳಿಯಿಂದ ಬರಬೇಕಿತ್ತು. ಮುಂದೆ ಬಂದು ಹೆಣ ಮುಟ್ಟಿದವನು ಜಟ್ಟಿಂಗಪ್ಪ ಒಬ್ಬನೇ. ಹಂಡೆಯ ಬಿಸಿನೀರು ತೋಡಿ ತೋಡಿ ಹಿತ್ತಿಲಲ್ಲಿ ಅವನನ್ನು ತೊಳೆದ. ಭೂತಪ್ಪನ ಬೆರಳ ಸಂದಿಯಲ್ಲಿ ಅಂಟಿದ್ದ ಹಿಟ್ಟು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದೇ ಹೊತ್ತಿಗೆ ಒಳಗೆ ಊಟದ ಹಾಲಿನಲ್ಲಿ ಮೀಟಿಂಗು ನಡೆದು ವೆಂಕಟ್ರಮಣ ಎಂಬ ಹುಡುಗ ಮೆಸ್ ಸೆಕ್ರೆಟರಿಯಾದ. ಮುಂದೆ ಆ ಕೆಲಸ ಜಟ್ಟಿಂಗಪ್ಪನಿಗೇ ಎಂದು ವಾರ್ಡನ್ನರು ಎಲ್ಲರೆದುರು ಅವನ ಭುಜ ತಟ್ಟಿ ಹೇಳಿ ಇನ್ನೂ ತಿಂಗಳಾಗಿರಲಿಲ್ಲ. ಭುಜ ತಟ್ಟಿದ್ದು ಬರೀ ಪ್ರೀತಿಗೆ ಎಂದು ಆಮೇಲೆ ಹೇಳಿದರು. ಒದ್ದೆ ಪಂಚೆಯಲ್ಲಿ ಒಳಗೆ ಬಂದಾಗ ಮಿನಿಟ್ಸ್ ಪುಸ್ತಕದಲ್ಲಿ ಸರ್ವಾನುಮತದಿಂದ ಎಂದು ಬರೆದು ಆಗಿತ್ತು. ಆರು ದಿನ ಅವನು ರುಜು ಹಾಕಲಿಲ್ಲ. ಏಳನೆಯ ದಿನ ಹಾಕಿದ. ಯಾರೂ ಒತ್ತಾಯ ಮಾಡಿದ್ದಕ್ಕಲ್ಲ, ಯಾರೂ ಕೇಳದೆ ಇದ್ದದ್ದಕ್ಕೆ. ಅಡಿಗೆಯವನೆಲ್ಲಿ, ಮದೀನವೆಲ್ಲಿ. ಆ ದಪ್ಪ ಪುಸ್ತಕದಲ್ಲಿ ಸ್ನಾನ ಮಾಡಿಸುತ್ತಿದ್ದ ಅಲಿಯವರ ಪುಟಕ್ಕೆ ಬಂದ ದಿನ ಅವನು ಲೈಬ್ರರಿಯ ಮೂಲೆಯಲ್ಲಿ ಹಾಗೆಂದುಕೊಂಡು ಪುಸ್ತಕ ಮುಚ್ಚಿದ್ದ. ಮರುದಿನ ಮತ್ತೆ ಅದೇ ಪುಟ ತೆಗೆದಿದ್ದ.

ಶನಿವಾರ ಶಾಲೆಗೆ ಹೋಗುವ ದಾರಿಯಲ್ಲಿ ದರ್ಜಿ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಮಿರ್ಜಾ ಲುಂಗಿಯಲ್ಲಿದ್ದರು. ಅವರ ಹೊಸ ಪ್ಯಾಂಟಿನ ಹಿಂಭಾಗ ದಸ್ತಗೀರ್ ಸಾಬರ ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಜಟ್ಟಿಂಗಪ್ಪನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು.

"ಏನ್ ಮೇಷ್ಟ್ರೆ," ಎಂದರು ದಸ್ತಗೀರ್ ಸಾಬರು, ಬಾಯಿಂದ ಸೂಜಿ ತೆಗೆದು. "ಇವತ್ತು ಏನಾದ್ರೂ ಕೇಳೋದುಂಟಾ?"

"ಅವರಿಗೆ ಉಸಿರು ಎಳ್ಕೊಳ್ಳಕ್ಕೆ ಹೇಳಿ ಭಾಯ್," ಎಂದರು ಮಿರ್ಜಾ. ಇಬ್ಬರೂ ನಕ್ಕರು.

ತನ್ನಿಂದ ಮುರಿದದ್ದು ತಾನಿಲ್ಲದೆ ಕೂಡಿಕೊಂಡಿತ್ತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ; ತನ್ನನ್ನು ಬೆಂಚಿನಿಂದ ಕೆಳಗೆ ತಳ್ಳಿದಂತೆ ಅನಿಸಿತು, ಆ ಬೆಂಚಿನ ಮೇಲೆ ಅವನು ಯಾವತ್ತೂ ಕೂತವನಲ್ಲದಿದ್ದರೂ.

ಇನ್‌ಸ್ಪೆಕ್ಟರು ಕುಳ್ಳಗೆ, ತೆಳ್ಳಗೆ, ಕಂದುಬಣ್ಣದ ಕೋಟಿನಲ್ಲಿದ್ದರು. ಹಣೆ ನುಣ್ಣಗಿತ್ತು. ಪ್ರಾರ್ಥನೆಗೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಾಗ ಹೆಗಡೆಯವರು ಓರೆಗಣ್ಣಿನಿಂದ ನೋಡಿ, ಗಾಬರಿಯಲ್ಲಿ ಮನೆಮಾತು ಹೊರಬಿದ್ದು, "ಎಂತದೂ ಇಲ್ಲೆ" ಎಂದು ಜಟ್ಟಿಂಗಪ್ಪನ ಕಿವಿಯಲ್ಲಿ ಉಸುರಿದರು. ಆಮೇಲೆ ಅವನ ಮುಖ ನೋಡಿ, "ಒಂದು ಕೆನ್ನೆ ಯಾಕೆ ಬಿಟ್ಟಿದ್ದೀರಿ?" ಎಂದರು. ಜಟ್ಟಿಂಗಪ್ಪ ಹಣೆಯನ್ನು ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದ. ಪ್ರಾರ್ಥನೆ ಎಂದರೆ ಪ್ರಾರ್ಥನೆ, ಶಾಲೆಯದಾದರೇನು. ಅಭ್ಯಾಸವಾದ ಕೈ ತನ್ನ ಜಾಗಕ್ಕೆ ತಾನೇ ಹೋಗುತ್ತದೆ. ಮಕ್ಕಳು ಹಾಡತೊಡಗಿದರು. ಇನ್‌ಸ್ಪೆಕ್ಟರ ಎಡಗೈ ಕೋಟಿನ ಜೇಬಿನಲ್ಲಿತ್ತು, ಬಲಗೈಯಲ್ಲಿ ಫೈಲಿತ್ತು. ಫೈಲು ಯಾರಾದರೂ ಇಸಿದುಕೊಳ್ಳಬಾರದೇ ಎಂದು ಜಟ್ಟಿಂಗಪ್ಪ ಅತ್ತಿತ್ತ ನೋಡಿದ. ಕೊನೆಗೆ ತಾನೇ ಸಾಲು ಬಿಟ್ಟು ಹೋಗಿ ಕೈಚಾಚಿದ. ಇನ್‌ಸ್ಪೆಕ್ಟರು ಅವನ ಎರಡು ಬಗೆಯ ಕೆನ್ನೆಗಳನ್ನು ನೋಡುತ್ತ ಫೈಲು ಕೊಟ್ಟರು, ಕೊಟ್ಟು ಆ ಕೈಯನ್ನೂ ಜೇಬಿಗೆ ಹಾಕಿಕೊಂಡರು.

ಹೀಗೆ ಏನೂ ತಿಳಿಯದೆ ಅವನು ಕ್ಲಾಸಿಗೆ ಹೋದ. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ಹೆಗಡೆಯವರು. ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟರೆ ನಲವತ್ತೊಂದು ಬಾಯಿ ತೆರೆದುಕೊಳ್ಳುತ್ತಿದ್ದವು, ಬಾಗಿಲ ಕಡೆ ವಾಲಿದರೆ ಮತ್ತೆ ತೆರೆದುಕೊಳ್ಳುತ್ತಿದ್ದವು. ಅವನು ಮೇಜಿನ ಹಿಂದೆ, ಸರಿಯಾಗಿ ನಡುವೆ, ಕಂಬದಂತೆ ನಿಂತು ಅರೇಬಿಯದ ಹವಾಗುಣ ಹೇಳಿದ. ಒಂಟೆಯ ಉಪಯೋಗಗಳನ್ನು ಹೇಳಿದ. ಖರ್ಜೂರದ ಬಗ್ಗೆ ಗೊತ್ತಿದ್ದದ್ದೆಲ್ಲ ಹೇಳಿ, ಗೊತ್ತಿಲ್ಲದ್ದನ್ನೂ ಸ್ವಲ್ಪ ಹೇಳಿದ. ಕಾಲು ಜೋಮು ಹಿಡಿಯಿತು. ಬೆವರು ಹೆರೆಯದ ಕೆನ್ನೆಯಲ್ಲಿ ಸಿಕ್ಕಿಕೊಂಡು ತುರಿಸತೊಡಗಿತು.

"ಖಲೀಫರಿಗೆ ಬನ್ನಿ," ಎಂದರು ಇನ್‌ಸ್ಪೆಕ್ಟರು.

"ಬರ್ತೀನಿ ಸಾರ್," ಎಂದವನು ಮತ್ತೆ ಒಂಟೆಗೆ ಹೋದ.

ಇನ್‌ಸ್ಪೆಕ್ಟರು ಎದ್ದು ಮುಂದೆ ಬಂದರು. ಅಕ್ಷರ ನೋಡಲೆಂದು ಬೋರ್ಡಿನ ಬಲಕ್ಕೆ, ಕಿಟಕಿಯ ಬೆಳಕಿಗೆ ಹೋಗಿ ನಿಂತು, ಮಕ್ಕಳ ಕಡೆ ತಿರುಗಿ, "ಮೊದಲ ಖಲೀಫರು ಹೇಗೆ ಆಯ್ಕೆಯಾದರು?" ಎಂದು ಕೇಳಿದರು.

"ಅಬೂಬಕರರು ಸರ್ವಾನುಮತದಿಂದ ಆಯ್ಕೆಯಾದರು ಸಾರ್," ಎಂದಿತು ಇಡೀ ಕ್ಲಾಸು.

"ಒಳ್ಳೇದು," ಎಂದು ಅವರು ಬಾಗಿಲ ಕಡೆ ನಡೆದರು. ಅಲ್ಲಿ ಉಗುಳಲೋ ಗಾಳಿಗೋ ನಿಂತರು. ಅವರು ಏನೂ ಕೇಳದಿದ್ದರೂ ಕ್ಲಾಸು ಹೇಳಿತು: "ಆ ಪದವಿ ಅಲಿಯವರಿಗೆ ಸಲ್ಲಬೇಕಿತ್ತು ಸಾರ್."

ಇನ್‌ಸ್ಪೆಕ್ಟರು ತಿರುಗಿ ನೋಡಿದರು. ಮಕ್ಕಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅವರು ನಿಧಾನಕ್ಕೆ ಮತ್ತೆ ಕಿಟಕಿಗೆ ಹೋದರು. ಸರ್ವಾನುಮತ. ಬಾಗಿಲಿಗೆ ಬಂದರು. ಅಲಿಯವರು. ಕಿಟಕಿಗೆ ಸ್ವಲ್ಪ ಬೇಗ ಹೋದರು, ಬಾಗಿಲಿಗೆ ಇನ್ನೂ ಬೇಗ. ಕ್ಲಾಸು ಒಂದು ಉತ್ತರವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಹಿಡಿಯಿತು, ಒಮ್ಮೆಯೂ ತಪ್ಪಲಿಲ್ಲ. ಗದ್ದೆಯಲ್ಲಿ ಕಪ್ಪೆಗಳು ಕೂಗುವಂತೆ ಇತ್ತು. ಐವತ್ತು ದಾಟಿದ ಆ ಮನುಷ್ಯನ ಮುಖದ ಮೇಲೆ ಹೊಸ ಆಟ ಕಂಡುಕೊಂಡವರ ಕಳೆ ಬಂದದ್ದನ್ನು ಜಟ್ಟಿಂಗಪ್ಪ ನೋಡಿದ. ಹಿಂದಿನ ಬೆಂಚಿನಲ್ಲಿ ಹೆಗಡೆಯವರು ಕಣ್ಣು ಮುಚ್ಚಿಕೊಂಡಿದ್ದರು. ಇನ್‌ಸ್ಪೆಕ್ಟರು ಕೊನೆಗೆ ಮೇಜಿನ ಹತ್ತಿರ ಬಂದು ನಿಂತು ಅದೇ ಪ್ರಶ್ನೆ ಕೇಳಿದರು. ಯಾರೂ ಮಾತಾಡಲಿಲ್ಲ. ಮತ್ತೆ ಕೇಳಿದರು. ಮೂರನೆಯ ಸಾಲಿನಿಂದ ತುಂಗಾ ಎಂಬ ಹುಡುಗಿ ಎದ್ದು ನಿಂತಳು.

"ಸಾರ್, ಕಿಟ್ಕಿ ಹತ್ರ ಆದ್ರೂ ನಿಂತ್ಕಳಿ, ಬಾಗ್ಲ ಹತ್ರ ಆದ್ರೂ ನಿಂತ್ಕಳಿ. ನಡುವೆ ನಿಂತ್ರೆ ನಮಗೆ ಗೊತ್ತಾಗಲ್ಲ ಸಾರ್."

ಹೆಡ್‌ಮಾಸ್ಟರ ಕೋಣೆಯಲ್ಲಿ ಇನ್‌ಸ್ಪೆಕ್ಟರು ಎರಡು ಲೋಟ ನೀರು ಕುಡಿದರು. ಜಟ್ಟಿಂಗಪ್ಪನಿಗೆ ಕೂರಲು ಹೇಳಲಿಲ್ಲ.

"ಇದು ಯಾರ ಯೋಜನೆ?"

ಹೆಗಡೆಯವರು ಗೋಡೆಯ ಭೂಪಟ ನೋಡಿದರು. "ನನ್ನದು ಸಾರ್," ಎಂದ ಜಟ್ಟಿಂಗಪ್ಪ.

"ಸುನ್ನಿಗಳಿಗೆ ಯಾಕೆ ಕಿಟಕಿ?"

"ಆ ಕಡೆ ಜಾಗ ಜಾಸ್ತಿ ಸಾರ್. ಅವರು ಜನವೂ ಜಾಸ್ತಿ."

"ನಾನು ಯಾವ ಕಡೆ ಅಂತ ಗೊತ್ತಾಗಿದ್ರೆ?"

"ಒಂದೇ ಪಾಠ ಮಾಡ್ತಿದ್ದೆ ಸಾರ್."

"ಅದಕ್ಕೆ ದರ್ಜಿ ಅಂಗಡೀಲಿ ವಿಚಾರಿಸಿದ್ರಿ. ಬಸ್ಸು ಇಳಿಯೋ ಹೊತ್ತಿಗೇ ನನಗೆ ಹೇಳಿದ್ರು." ಇನ್‌ಸ್ಪೆಕ್ಟರು ಮೂರನೆಯ ಲೋಟಕ್ಕೆ ಕೈ ಹಾಕಿ ಬಿಟ್ಟರು. "ನಮ್ಮ ತಂದೆ ಸುನ್ನಿ, ತಾಯಿ ಶಿಯಾ. ಮೊಹರಮ್ಮಿನ ಹತ್ತು ದಿನ ಮನೇಲಿ ಅಕ್ಕಿ ವಿಚಾರ ಬಿಟ್ಟು ಬೇರೆ ಮಾತಿಲ್ಲ. ಅಕ್ಕಿ ಕಲ್ಲಿದೆ, ಅಕ್ಕಿ ಹಳೇದು, ಅಕ್ಕಿ ಮುಗೀತು. ಹಾಗೇ ನಲವತ್ತು ವರ್ಷ ಸಂಸಾರ ಮಾಡಿದ್ರು. ಇರಲಿ. ನೀವು ಯಾವ ಕಡೆ?"

"ನಾನು ಜಾತಿಯಲ್ಲಿ ದೀವರವನು ಸಾರ್."

"ಅದಲ್ಲ. ಬಾಗಿಲ ಉತ್ತರವನ್ನ ಮಕ್ಕಳು ಗಟ್ಟಿಯಾಗಿ ಹೇಳಿದ್ರು. ಯಾರೋ ಹೆಚ್ಚು ಸಲ ಹೇಳಿಸಿದಾರೆ."

ಆಗ ಜಟ್ಟಿಂಗಪ್ಪ, ಯಾರೂ ಕೇಳಿರದ ಭೂತಪ್ಪನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹಂಡೆ, ಹಿತ್ತಿಲು, ಬೆರಳ ಸಂದಿಯ ಹಿಟ್ಟು, ಒದ್ದೆ ಪಂಚೆ, ಮಿನಿಟ್ಸ್ ಪುಸ್ತಕ, ವೆಂಕಟ್ರಮಣ. ಹೇಳುತ್ತಿದ್ದಾಗಲೇ ಅದು ಎಷ್ಟು ಸಣ್ಣ ಸಂಗತಿ ಎಂದು ಅವನಿಗೇ ಕಂಡು ದನಿ ಇಳಿಯಿತು. ಹೆಗಡೆಯವರು, "ಅಡಿಗೆಯವನ ವಿಷಯ ಈಗ ಯಾಕೆ ಜಟ್ಟಿಂಗಪ್ಪ" ಎಂದರು.

ಇನ್‌ಸ್ಪೆಕ್ಟರು ಮಾತ್ರ ಕೇಳುತ್ತಿದ್ದರು. "ಅವತ್ತು ರಾತ್ರಿ ಹಾಸ್ಟೆಲಲ್ಲಿ ಊಟ?"

"ವೆಂಕಟ್ರಮಣ ಉಗ್ರಾಣ ತೆಗೆಸಿ ಉಪ್ಪಿಟ್ಟು ಮಾಡಿಸಿದ ಸಾರ್."

"ಎಷ್ಟು ಜನಕ್ಕೆ?"

"ಅರವತ್ತು."

"ಹೇಗಿತ್ತು?"

ಜಟ್ಟಿಂಗಪ್ಪ ನೆಲ ನೋಡಿದ. "ಚೆನ್ನಾಗಿತ್ತು ಸಾರ್. ಎರಡು ಸಲ ಹಾಕಿಸ್ಕೊಂಡೆ."

ಇದನ್ನು ಅವನು ಇಷ್ಟು ವರ್ಷ ತನಗೂ ಹೇಳಿಕೊಂಡಿರಲಿಲ್ಲ. ಮೀಟಿಂಗು ನಡೆಯದಿದ್ದರೆ ಉಪ್ಪಿಟ್ಟು ಇರುತ್ತಿರಲಿಲ್ಲ. ಹಾಗೆಂದು ಮೀಟಿಂಗು ಸರಿಯಾಗಿತ್ತು ಎನ್ನಲೂ ಬಾಯಿ ಬರಲಿಲ್ಲ. ಎರಡೂ ಒಂದೇ ಹೊಟ್ಟೆಯಲ್ಲಿ ಕೂತಿದ್ದವು.

ಇನ್‌ಸ್ಪೆಕ್ಟರು ಶಾಲೆಯ ಲಾಗ್‌ಬುಕ್ಕನ್ನು ಅವನ ಕಡೆ ತಳ್ಳಿದರು. "ಮೊದಲ ಖಲೀಫರ ಆ ಒಂದು ವಾಕ್ಯ ಇಲ್ಲಿ ಬರೀರಿ. ಕಿಟಕಿ ಹತ್ರ ಓದಿದ್ರೂ ಬಾಗಿಲ ಹತ್ರ ಓದಿದ್ರೂ ಅದೇ ಇರಬೇಕು. ಕೆಳಗೆ ನಾನು ರುಜು ಹಾಕ್ತೀನಿ. ನಮ್ಮ ಮನೇಲಿ ಅದನ್ನ ಯಾರೂ ಮಾಡಲಿಲ್ಲ."

ಜಟ್ಟಿಂಗಪ್ಪ ಪೆನ್ನು ಹಿಡಿದ. ಸರ್ವಾನುಮತದಿಂದ ಎಂದು ಬರೆದರೆ ಪಠ್ಯ ಅವನ ಬೆನ್ನಿಗಿದೆ, ಕೆರಿಯಪ್ಪನ ಮನೆಯ ಜಗಲಿ ಹತ್ತಿರವಾಗುತ್ತದೆ. ಅನ್ಯಾಯವಾಗಿ ಎಂದು ಬರೆಯಲು ಕೈ ತುಡಿಯಿತು. ಆದರೆ ಅದು ಮದೀನದ ಮಾತಾಗುವುದಿಲ್ಲ, ಮೆಸ್ಸಿನ ಮಾತಾಗುತ್ತದೆ. ಬಹುಮತ ಎನ್ನಲು ಅಲ್ಲಿ ಯಾರೂ ಕೈ ಎಣಿಸಿರಲಿಲ್ಲ. ಒಂದೊಂದೇ ಪದ ತೆಗೆದುಹಾಕುತ್ತ ಹೋದರೆ ಏನು ಉಳಿಯುತ್ತದೋ ಅದನ್ನು ಬರೆದ: ಅಬೂಬಕರರು ಖಲೀಫರಾದರು; ಅದು ನಿರ್ಧಾರವಾದಾಗ ಅಲಿಯವರು ಅಲ್ಲಿರಲಿಲ್ಲ.

ಇನ್‌ಸ್ಪೆಕ್ಟರು ಅದನ್ನು ಎರಡು ಸಲ ಓದಿದರು. ಒಂದು ಸಲ ತಂದೆಗಾಗಿ, ಒಂದು ಸಲ ತಾಯಿಗಾಗಿ ಇರಬೇಕು. ಎರಡನೆಯ ಓದಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ರುಜು ಹಾಕಿದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಹೆಗಡೆಯವರು ಕತ್ತು ಚಾಚಿ ಗಟ್ಟಿಯಾಗಿ ಓದಿದರು: "ವಾಕ್ಯ ಸರಿಯಿದೆ. ಪಾಠ ಸರಿಯಿಲ್ಲ. ಖಾಯಂ ವಿಷಯ ಮುಂದಿನ ವರ್ಷ ನೋಡತಕ್ಕದ್ದು."

ಹೆಗಡೆಯವರಿಗೆ ಏನೋ ಕಸಿವಿಸಿಯಾದಂತಿತ್ತು. ಲಾಗ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು ಜಟ್ಟಿಂಗಪ್ಪನ ವಾಕ್ಯದ ಮೇಲೆ ಬೆರಳಿಟ್ಟರು.

"ಸಾರ್, ಅಲ್ಲಿರಲಿಲ್ಲ ಅಂತ ಹೀಗೇ ಬಿಟ್ರೆ ಮುಂದೆ ಯಾರಾದ್ರೂ ಆಕ್ಷೇಪಣೆ ಎತ್ತುತಾರೆ. ಅದು ರಜೆಯೋ, ಗೈರುಹಾಜರಿಯೋ, ಅನ್ಯ ಕರ್ತವ್ಯದ ಮೇಲೆ ಹೋಗಿದ್ದೋ?"

"ಅದನ್ನೇ ಹೆಗಡೆಯವರೇ," ಎಂದರು ಇನ್‌ಸ್ಪೆಕ್ಟರು, ಪೆನ್ನಿಗೆ ಮುಚ್ಚಳ ತಿರುಪುತ್ತ, "ಸಾವಿರದ ಮುನ್ನೂರು ವರ್ಷದಿಂದ ಎಲ್ಲರೂ ಕೇಳ್ತಿರೋದು."

ಹೆಗಡೆಯವರು ಗಂಭೀರವಾಗಿ ತಲೆಯಾಡಿಸಿದರು. "ಹಾಗಾದ್ರೆ ಆ ಕಾಲಮ್ಮು ಸದ್ಯಕ್ಕೆ ಖಾಲಿ ಬಿಡ್ತೀನಿ."

ಜಟ್ಟಿಂಗಪ್ಪನಿಗೆ ನಗು ಬಂತು. ಒಂದು ವರ್ಷ ಕಳೆದುಕೊಂಡವನು ನಗಬಾರದೆಂದು ತಡೆದ. ತಡೆದಷ್ಟೂ ಮೂಗಿನಿಂದ ಬಂತು. ಇನ್‌ಸ್ಪೆಕ್ಟರು ಅವನನ್ನು ನೋಡಿ, ಏನನ್ನೋ ಬರೆಯಲು ಮತ್ತೆ ಪೆನ್ನಿನ ಮುಚ್ಚಳ ತೆಗೆದರು.